ಮಗು ರಾತ್ರಿ ಮಲಗೋ ಮನೆ ಯಾವುದು?

ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ಪೇಟೆಯಿಂದ ಆಟೊದಲ್ಲಿ ಬಂದು ಹೋಗುವಷ್ಟು ದೂರದ ಹಳ್ಳಿ. ಒಂದನೇ ತರಗತಿಗೆ ಕನ್ನಡ ಮಾಧ್ಯಮದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. 2019–20ರಲ್ಲಿ ಸರ್ಕಾರ ರಾಜ್ಯದ 1,000 ಶಾಲೆಗಳಲ್ಲಿ ಇಂಥ ವಿಭಾಗ ತೆರೆದ ಮೇಲೆ ಆಸೆ ಎಲ್ಲ ಕಡೆ ಹಬ್ಬಿತು. ಆದರೆ ವಿಭಾಗಕ್ಕೆ 30 ಮಕ್ಕಳು ಅಂತ ಮಿತಿ. ಕೇಳಿಕೊಂಡು ಬರುವವರು ಅದಕ್ಕಿಂತ ಜಾಸ್ತಿ. ಸುಳ್ಳು ಅಡ್ರೆಸ್ ಕೊಡುವುದು ಶುರುವಾಗಿದ್ದೇ ಅಲ್ಲಿಂದ.

ಇದು ನಮ್ಮ ಶಾಲೆಯಲ್ಲಿ ಹುಟ್ಟಿದ ರೋಗವಲ್ಲ. ಮೊದಲು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿಗೆ ಇದೇ ನಡೆಯುತ್ತಿತ್ತು. ಖಾಸಗಿ ಶಾಲೆಗಳ ಶೇ. 25ರ ಸೀಟು ಆ ವಾರ್ಡಿನ, ಆ ಊರಿನ ಮಕ್ಕಳಿಗೆ ಮೊದಲು ಅಂತಿದ್ದಾಗ, ಒಳ್ಳೆಯ ಶಾಲೆಯ ಪಕ್ಕದ ಬೀದಿಯಲ್ಲಿ ಬಾಡಿಗೆ ಕರಾರು ಮಾಡಿಸಿಕೊಂಡವರು ಎಷ್ಟೋ ಜನ. 2019ರಿಂದ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂದರು. ಅರ್ಜಿಗಳು ಒಮ್ಮೆಲೇ ಇಳಿದುಹೋದವು. ಆ ಜನವೇ ಈಗ ಸರ್ಕಾರಿ ಇಂಗ್ಲಿಷ್ ವಿಭಾಗದ ಬಾಗಿಲಿಗೆ ಬಂದಿದ್ದಾರೆ. ನನಗೆ ಇದರಲ್ಲಿ ಬೇಜಾರಿಗಿಂತ ಖುಷಿಯೇ ಜಾಸ್ತಿ. ಸರ್ಕಾರಿ ಶಾಲೆ ಬೇಕು ಅಂತ ಸುಳ್ಳು ಹೇಳುವ ಕಾಲ ಬರುತ್ತೆ ಅಂತ ಕೆಲಸಕ್ಕೆ ಸೇರಿದಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ಎಷ್ಟೋ ಮೇಷ್ಟ್ರುಗಳೇ ಇಲ್ಲಿ ತಪ್ಪು ತಿಳಿದುಕೊಂಡಿರುತ್ತಾರೆ. 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುವುದು ಸರ್ಕಾರಕ್ಕೆ ಹಾಕಿದ ಹೊಣೆ. ಅದರಾಚೆಯ ಮಗುವನ್ನು ವಾಪಸ್ ಕಳಿಸಿ ಅಂತ ಅಲ್ಲಿ ಬರೆದಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ಬಿಡುವ ಹಾಗಿಲ್ಲ. ದಾಖಲಾತಿ ದಿನ ಮುಗಿಯಿತು ಅಂತಲೂ ಇಲ್ಲ ಅನ್ನುವ ಹಾಗಿಲ್ಲ. ಶಾಲೆಗೆ ಸೇರಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಹಾಗಾಗಿ ನಮ್ಮ ಶಾಲೆಗೆ ಬಂದ ಯಾವ ಮಗುವನ್ನೂ ಅಡ್ರೆಸ್ ಕಾರಣಕ್ಕೆ ನಾನು ಹಿಂದೆ ಕಳಿಸುವುದಿಲ್ಲ. ಕನ್ನಡ ವಿಭಾಗ ಯಾವತ್ತೂ ತೆರೆದೇ ಇರುತ್ತದೆ. ತಕರಾರು ಬರುವುದು ಆ ಮೂವತ್ತು ಸೀಟಿಗೆ ಮಾತ್ರ. ಅಲ್ಲಿ ಯಾರು ಮೊದಲು ಅನ್ನುವುದು ಎಲ್ಲಿ ವಾಸ ಅನ್ನುವುದರ ಮೇಲೆ ನಿಲ್ಲುತ್ತದೆ.

ಅಮೆರಿಕದ ಓಹಿಯೋದಲ್ಲಿ 2011ರಲ್ಲಿ ಒಬ್ಬ ತಾಯಿ, ತನ್ನ ಅಪ್ಪನ ಮನೆ ಅಡ್ರೆಸ್ ಕೊಟ್ಟು ಮಕ್ಕಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸಿದ್ದಕ್ಕೆ ಒಂಬತ್ತು ದಿನ ಜೈಲಿನಲ್ಲಿದ್ದರು. ಅಲ್ಲಿ ಶಾಲೆ ನಡೆಯುವುದು ಬಹುಪಾಲು ಆ ಊರಿನವರ ಆಸ್ತಿ ತೆರಿಗೆಯಲ್ಲಿ. ಹೊರಗಿನ ಮಗು ಬಂದರೆ ನಮ್ಮ ದುಡ್ಡು ತಿಂದಿತು ಅಂತ ಲೆಕ್ಕ ಹಾಕುತ್ತಾರೆ. ಕೊನೆಗೆ ಅಲ್ಲಿನ ಗವರ್ನರ್ ಆ ಕೇಸಿನ ತೀವ್ರತೆ ಇಳಿಸಿದರು. ನಮ್ಮಲ್ಲಿ ಶಿಡ್ಲಘಟ್ಟದ ಶಾಲೆಗೂ ಬಾಗೇಪಲ್ಲಿಯ ಶಾಲೆಗೂ ಸಂಬಳ, ಬಿಸಿಯೂಟ, ಪುಸ್ತಕ ಎಲ್ಲ ಸರ್ಕಾರದ್ದೇ. ಪೇಟೆಯ ಮಗು ಬಂದರೆ ಊರಿನವರ ಜೇಬಿಗೆ ಏನೂ ಕತ್ತರಿ ಇಲ್ಲ. ಕಳೆದುಹೋಗುವುದು ಊರಿನ ಒಂದು ಮಗುವಿನ ಸೀಟು. ಅದೇ ನನ್ನ ತಲೆನೋವು.

ನಾನು ಈ ಶಾಲೆಗೆ ಬಂದಾಗ ಅರ್ಜಿಯಲ್ಲಿ ಒಂದೇ ಸಾಲು ಇತ್ತು: ವಿಳಾಸ. ಆಧಾರ್ ಜೆರಾಕ್ಸ್ ನೋಡಿ ಅದನ್ನೇ ಬರೆದುಕೊಳ್ಳುತ್ತಿದ್ದರು. ಇದರಿಂದ ಏನಾಗುತ್ತಿತ್ತು ಅನ್ನುವುದಕ್ಕೆ ಎರಡು ಅರ್ಜಿಗಳ ವಿಷಯ ಹೇಳುತ್ತೇನೆ. ಎರಡೂ ಒಂದೇ ದಿನ ನನ್ನ ಮೇಜಿನ ಮೇಲೆ ಬಂದವು.

ಒಂದನ್ನು ತಂದವರು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು. ಆಧಾರ್ ನಮ್ಮ ಊರಿಂದು, ಬಾಡಿಗೆ ಕರಾರು ಛಾಪಾ ಕಾಗದದಲ್ಲಿ, ಕರೆಂಟ್ ಬಿಲ್ಲು ಬೇರೆ. ಎಲ್ಲವೂ ಪ್ಲಾಸ್ಟಿಕ್ ಫೈಲಿನಲ್ಲಿ ನೀಟಾಗಿ ಜೋಡಿಸಿದ್ದರು. ಮನೆ ಮಗುವಿನ ಚಿಕ್ಕಪ್ಪನದು. ಆಧಾರ್ ತಿದ್ದಿಸಿದ್ದು ಅದೇ ವರ್ಷ ಸಂಕ್ರಾಂತಿ ಕಳೆದ ಮೇಲೆ.

ಇನ್ನೊಂದನ್ನು ತಂದಿದ್ದು ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ನೂಲು ಬಿಚ್ಚುವ ಹೆಂಗಸು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದರು. ಊರಿನಲ್ಲೇ, ಫಿಲೇಚರ್ ಹಿಂದಿನ ಸಾಲು ಕೋಣೆಯಲ್ಲಿ ವಾಸ. ಮಗು ನಡೆಯೋಕೆ ಕಲಿತಿದ್ದೇ ಆ ಓಣಿಯಲ್ಲಿ. ಆದರೆ ಆಧಾರ್ ಗುಡಿಬಂಡೆ ಕಡೆಯ ತವರಿನದು. ಬಾಡಿಗೆ ಕರಾರು ಇಲ್ಲ, ಓನರ್ ಬರೆದುಕೊಡಲ್ಲ. "ಅಡ್ರೆಸ್ ತಿದ್ದಿಸೋಕೆ ಹೋಗಿದ್ದೆ ಮೇಡಂ, ಮಿಷನ್ನು ಬೆರಳು ತಗೊಳ್ಳಲ್ಲ" ಅಂದರು. ಕೈ ನೋಡಿದೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಬೆರಳ ತುದಿ ಬಿಳುಚಿ ಸುಕ್ಕುಗಟ್ಟಿತ್ತು, ಗೆರೆಗಳೇ ಸವೆದಿದ್ದವು. ಕಾಗದ ನೋಡಿ ಸೀಟು ಕೊಟ್ಟರೆ ಮೊದಲನೆಯವರು ಊರಿನವರು, ಈಕೆ ಹೊರಗಿನವರು.

ಅವತ್ತೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ. ಆಧಾರ್‌ನಲ್ಲಿರುವ ವಿಳಾಸ ಒಂದು, ಈಗ ಮಗು ರಾತ್ರಿ ಮಲಗುವ ಮನೆ ಇನ್ನೊಂದು. ಎರಡೂ ಬೇರೆ ಇದ್ದರೆ ತೊಂದರೆ ಇಲ್ಲ ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದೆ. ಇದರ ಪರಿಣಾಮ ನನಗೇ ಆಶ್ಚರ್ಯ ತಂದಿತು. ಸುಳ್ಳು ಹೇಳಲೆಂದೇ ಬಂದವರಲ್ಲಿ ಹೆಚ್ಚಿನವರು ಎರಡನೇ ಸಾಲಿನ ಮುಂದೆ ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾರೆ. ಆಮೇಲೆ, "ಮೇಡಂ, ನಿಜ ಹೇಳ್ತೀನಿ, ನಾವಿರೋದು ಪೇಟೇಲಿ" ಅಂತ ಶುರು ಮಾಡುತ್ತಾರೆ. ಜನ ಸುಳ್ಳು ಹೇಳುತ್ತಿದ್ದದ್ದು ಕಾಗದದ ಅಡ್ರೆಸ್ಸನ್ನೇ ಕೇಳುತ್ತಿದ್ದುದರಿಂದ ಅಂತ ನನಗೆ ಅನ್ನಿಸಿದೆ.

ಆದರೂ ತಾಳೆ ನೋಡಲೇಬೇಕು. ಅದಕ್ಕೆ ಬೆಸ್ಟ್ ದಾಖಲೆ ಯಾವ ಕಚೇರಿಯಲ್ಲೂ ಇಲ್ಲ, ಅಂಗನವಾಡಿ ಟೀಚರ್ ಹತ್ತಿರ ಇದೆ. ಆರು ವರ್ಷದೊಳಗಿನ ಮಕ್ಕಳನ್ನು ಮನೆಮನೆ ಲೆಕ್ಕ ಹಿಡಿದು ಬರೆದ ಅವರ ರಿಜಿಸ್ಟರ್. ಯಾವ ಮಗುವಿಗೆ ಎಂದಿನಿಂದ ಮೊಟ್ಟೆ, ಯಾವ ತಿಂಗಳು ತೂಕ, ಎಲ್ಲ ಅದರಲ್ಲಿರುತ್ತೆ. ಏಪ್ರಿಲ್‌ನಲ್ಲಿ, ಅರ್ಜಿ ಕೊಡುವುದಕ್ಕೂ ಮುಂಚೆ, ಅವರ ಜೊತೆ ಕೂತು ಈ ಸಲ ಒಂದನೇ ತರಗತಿಗೆ ಬರುವ ಮಕ್ಕಳ ಪಟ್ಟಿ ಬರೆದುಕೊಳ್ಳುತ್ತೇನೆ. ಆ ಫಿಲೇಚರ್ ತಾಯಿಯ ಮಗು ಅದರಲ್ಲಿ ಮೂರು ವರ್ಷದಿಂದ ಇತ್ತು. ಫೈಲಿನವರ ಮಗುವಿನ ಹೆಸರೇ ಇರಲಿಲ್ಲ. ಖಾಸಗಿ ಎಲ್‌ಕೆಜಿಗೆ ಹೋದ ಮಕ್ಕಳು ಅಂಗನವಾಡಿಗೆ ಬಂದಿರುವುದಿಲ್ಲ ನಿಜ, ಅಂಥವರಿಗೆ ಬಸುರಿ, ಬಾಣಂತಿ, ಮಗುವಿನ ಆರೋಗ್ಯದ ವಿವರ ಬರೆಯುವ ತಾಯಿ ಕಾರ್ಡ್ ಕೇಳುತ್ತೇನೆ. ಚುಚ್ಚುಮದ್ದು ಯಾವ ಆಶಾ ಕಾರ್ಯಕರ್ತೆಯ ಊರಿನಲ್ಲಿ ಹಾಕಿಸಿದ್ದು ಅಂತ ಅಲ್ಲಿ ಗೊತ್ತಾಗುತ್ತದೆ. ನಮ್ಮದು ಹಾಲಿನ ಸೀಮೆ, ಕೆಲವರು ಡೈರಿಗೆ ಹಾಲು ಹಾಕುವ ಕಾರ್ಡನ್ನೇ ತಂದು ತೋರಿಸುತ್ತಾರೆ. ಬೆಳಿಗ್ಗೆ ಆರಕ್ಕೆ ಇಲ್ಲಿ ಹಾಲು ಹಾಕುವವರು ಪೇಟೆಯಲ್ಲಿ ಮಲಗಿರಲು ಸಾಧ್ಯವಿಲ್ಲ ಅಲ್ವಾ?

ಅನುಮಾನ ಉಳಿದರೆ ಸಂಜೆ ಮನೆಗೆ ಹೋಗುತ್ತೇನೆ. ಹಗಲು ಹೋದರೆ ಬೀಗ, ಎಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಎಸ್‌ಡಿಎಂಸಿಯ, ಅಂದರೆ ಪೋಷಕರೇ ಇರುವ ಶಾಲಾ ಸಮಿತಿಯ, ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಒಳಗೆ ಹೋಗಿ ಬಟ್ಟೆ, ಪಾತ್ರೆ ಎಣಿಸುವ ಕೆಲಸ ಮಾಡುವುದಿಲ್ಲ. ಹೊಸ್ತಿಲ ಹೊರಗೇ ನಿಂತು ಮಾತಾಡುತ್ತೇನೆ, ಪಕ್ಕದ ಮನೆಯವರು ತಾವಾಗಿಯೇ ಬಂದು ಸೇರಿಕೊಳ್ಳುತ್ತಾರೆ, ಮಿಕ್ಕದ್ದು ಹಾಗೇ ಗೊತ್ತಾಗುತ್ತದೆ.

ಒಂದು ಮಾತ್ರ ಖಡಾಖಂಡಿತ: ಮಗುವನ್ನು ಕೇಳುವುದಿಲ್ಲ. "ಪುಟ್ಟಾ, ನಿಮ್ಮನೆ ಎಲ್ಲಿ?" ಅಂತ ಕೇಳಿ ಪರೀಕ್ಷೆ ಮಾಡುವ ಅಭ್ಯಾಸ ಕೆಲವು ಕಡೆ ಇದೆ. ಅಪ್ಪ ಅಮ್ಮ ಹೇಳಿಕೊಟ್ಟ ಊರಿನ ಹೆಸರನ್ನು ಆ ಮಗು ಪಾಠದ ಹಾಗೆ ಒಪ್ಪಿಸುತ್ತೆ, ಒಪ್ಪಿಸಿ ಅಮ್ಮನ ಮುಖ ನೋಡುತ್ತೆ. ಶಾಲೆಯಲ್ಲಿ ಮಿಸ್ ಕೇಳಿದ ಮೊದಲನೇ ಪ್ರಶ್ನೆಗೇ ಸುಳ್ಳು ಹೇಳಿಸುವ ಪಾಪ ನಮಗ್ಯಾಕೆ?

ಸೀಟು ಹಂಚುವ ಕ್ರಮವನ್ನು ಎಸ್‌ಡಿಎಂಸಿ ಸಭೆಯಲ್ಲಿ ಬರೆಸಿ ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ಊರಿನ ಅಂಗನವಾಡಿ ಮಕ್ಕಳು ಮತ್ತು ನಮ್ಮಲ್ಲಿ ಓದುತ್ತಿರುವವರ ತಮ್ಮ ತಂಗಿಯರು ಮೊದಲು. ಆಮೇಲೆ ಊರಿನಲ್ಲಿ ವಾಸ ಇರುವ ಉಳಿದವರು, ಆಧಾರ್ ಎಲ್ಲಿಂದಾದರೂ ಇರಲಿ. ಮಿಕ್ಕ ಸೀಟಿಗೆ ಹೊರಗಿನವರ ಹೆಸರು ಬರೆದು ಎಲ್ಲರ ಎದುರು ಚೀಟಿ ಎತ್ತುವುದು. ಚೀಟಿ ಎತ್ತುವವಳು ಏಳನೇ ತರಗತಿಯ ಹುಡುಗಿ. ಹೀಗೆ ಮಾಡಿದ ಮೇಲೆ ಫೋನುಗಳು ಕಡಿಮೆಯಾದವು. ಪೂರ್ತಿ ನಿಂತಿಲ್ಲ. "ನಮ್ಮ ಹುಡುಗ ಒಬ್ಬನ್ನ ನೋಡ್ಕೊಳ್ಳಿ ಮೇಡಂ" ಅಂತ ಊರಿನ ದೊಡ್ಡವರು ಈಗಲೂ ಫೋನ್ ಮಾಡುತ್ತಾರೆ. "ಬನ್ನಿ ಸರ್, ಚೀಟಿ ಎತ್ತೋ ದಿನ ನೀವೇ ಮುಂದೆ ನಿಂತ್ಕೊಳ್ಳಿ" ಅನ್ನುತ್ತೇನೆ. ಇನ್ನೂ ಯಾರೂ ಬಂದಿಲ್ಲ.

ಇನ್ನೊಂದು ಗುಂಪಿದೆ, ಅವರಿಗೆ ಇಂಗ್ಲಿಷ್ ಮುಖ್ಯವಲ್ಲ. ಗ್ರಾಮೀಣ ಮೀಸಲಾತಿ ಸಿಗಲಿ ಅಂತ ಹಳ್ಳಿ ಅಡ್ರೆಸ್ ತಂದಿರುತ್ತಾರೆ. ಅವರನ್ನು ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ: ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯ ಗ್ರಾಮೀಣ ಕೋಟಾಕ್ಕೆ ಕೇಳುವುದು 1ರಿಂದ 10ನೇ ತರಗತಿ ಹಳ್ಳಿಯ ಶಾಲೆಯಲ್ಲಿ ಓದಿದ ದಾಖಲೆ. ಶಾಲೆ ಎಲ್ಲಿತ್ತು ಅನ್ನುವುದೇ ಮುಖ್ಯ, ನಿಮ್ಮ ಮನೆ ಎಲ್ಲಿತ್ತು ಅನ್ನುವುದಲ್ಲ. ಪೇಟೆ ಅಡ್ರೆಸ್ಸಿನಲ್ಲೇ ಸೇರಿಸಿ, ಏನೂ ನಷ್ಟ ಇಲ್ಲ. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯಕ್ಕೂ ಹಾಗೆಯೇ, ಗ್ರಾಮೀಣ ಸೀಟಿಗೆ 3, 4, 5ನೇ ತರಗತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಆದರೆ ಅಲ್ಲಿ ಜಿಲ್ಲೆಯ ವಾಸವನ್ನೂ ಕೇಳುತ್ತಾರೆ. ಬೆಂಗಳೂರಿನಲ್ಲಿದ್ದುಕೊಂಡು ಚಿಕ್ಕಬಳ್ಳಾಪುರದ ಅಡ್ರೆಸ್ ತೋರಿಸಿದರೆ, ಪರೀಕ್ಷೆ ಪಾಸಾದ ಮೇಲೆ ದಾಖಲೆ ನೋಡುವಾಗ ಸಿಕ್ಕಿಬೀಳುವುದು ಮಗುವೇ. ಇಷ್ಟು ಕೇಳಿ ಅರ್ಧ ಜನ ಅಡ್ರೆಸ್ ಸರಿ ಮಾಡಿಕೊಂಡು ಬರುತ್ತಾರೆ.

ಫಿಲೇಚರ್ ತಾಯಿಯ ಮಗುವಿಗೆ ಅಂಗನವಾಡಿ ಪಟ್ಟಿಯಿಂದ ಸೀಟು ಸಿಕ್ಕಿತು. ಅಂಗಡಿಯವರ ಮಗುವಿಗೆ ಚೀಟಿಯಲ್ಲಿ ಬರಲಿಲ್ಲ. ಅಪ್ಪ ಸಿಟ್ಟಾದರು, ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕನ್ನಡ ವಿಭಾಗಕ್ಕೆ ಸೇರಿಸಿ, ಮನೆ ನಿಜವಾದ್ದೇ ಬರೆಯಿರಿ, ಜ್ವರ ಬಂದರೆ ನಾವು ಯಾರ ಬಾಗಿಲಿಗೆ ಓಡಬೇಕು ಅಂದೆ. ಒಪ್ಪಿದರು. ಇಂಗ್ಲಿಷ್ ವಿಭಾಗದಲ್ಲಿ ಯಾರಾದರೂ ಟಿಸಿ ತೆಗೆದುಕೊಂಡರೆ ಚೀಟಿಯ ಪಟ್ಟಿಯಲ್ಲಿ ಮುಂದಿನ ಹೆಸರನ್ನು ಕರೆಯುತ್ತೇವೆ. ಅದಕ್ಕೇ ಆ ಪಟ್ಟಿಯನ್ನು ದಸರಾ ರಜೆ ತನಕ ಬೋರ್ಡಿನಿಂದ ತೆಗೆಯುವುದಿಲ್ಲ.