ಪಂಪಿನ ಗಿರಾಕಿಗಳ ಗ್ರೂಪು: ನನ್ನ ಅನುಭವ

ಕಲಬುರಗಿಯ ನೆಹರೂ ಗಂಜ್ ಹತ್ತಿರ ನನ್ನದೊಂದು ಅಂಗಡಿ. ತೊಗರಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ 16 ಲೀಟರಿನ ಬ್ಯಾಟರಿ ಪಂಪು ಮಾರುತ್ತೇನೆ. ಆಳಂದ, ಜೇವರ್ಗಿ, ಚಿತ್ತಾಪುರದಿಂದ ಗಿರಾಕಿಗಳು ಬರುತ್ತಾರೆ. ತೊಗರಿ ಹೂ ಬಿಟ್ಟು ಕಾಯಿಕೊರಕ ಹುಳ ಬೀಳುವ ಹೊತ್ತಿಗೆ ಫೋನು ಕೆಳಗಿಡಲು ಆಗುತ್ತಿರಲಿಲ್ಲ. ಎಲ್ಲರದೂ ಅದೇ ನಾಲ್ಕು ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಗಿರಾಕಿಗಳ ವಾಟ್ಸಾಪ್ ಗ್ರೂಪ್ ಮಾಡಿದೆ.

ಶುರುವಿನಲ್ಲೇ ಎಡವಿದೆ. ಬಿಲ್ ಬುಕ್ಕಿನಲ್ಲಿದ್ದ ನಂಬರುಗಳನ್ನೆಲ್ಲ ಕೇಳದೇ ಸೇರಿಸಿದೆ. ದಿನಾ ಬೆಳಿಗ್ಗೆ ಒಂದು ಆಫರ್ ಫೋಟೋ. ವಾರದೊಳಗೆ ಜನ ಸಾಲುಸಾಲಾಗಿ ಹೊರಗೆ ಹೋದರು. ಗ್ರೂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದಲ್ವಾ? ಒಬ್ಬ ಬೀಜದ ಏಜೆಂಟ್ ಒಳಗೆ ಸೇರಿಕೊಂಡು ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದ. ಬೈಸಿಕೊಂಡವನು ನಾನು. ಆ ಗ್ರೂಪ್ ಮುಚ್ಚಿದೆ.

ಎರಡನೇ ಸಲ, ಪಂಪು ಕೊಡುವಾಗಲೇ ಕೇಳಿ, ಹೂಂ ಅಂದವರನ್ನಷ್ಟೇ ಸೇರಿಸಿದೆ. ಆಫರ್ ಹಾಕುವುದು ಬಿಟ್ಟೆ. ಟೈಪ್ ಮಾಡಲು ಬೇಜಾರಾದವರು ಮಾತಾಡಿ ಕಳಿಸಲಿ ಅಂದೆ. ಆಗ ಮಾತು ಶುರುವಾಯಿತು.

ಒಂದು ರಾತ್ರಿ ಜೇವರ್ಗಿ ಕಡೆಯ ಹಿರಿಯರೊಬ್ಬರ ವಾಯ್ಸ್ ಮೆಸೇಜ್ ಬಂತು: "ಸಾವ್ಕಾರ್ರ, ನಿಮ್ಮ ಪಂಪ್ ಬರಾಬರಿ ಇಲ್ರಿ. ಅರ್ಧ ಎಕರೆ ಹೊಡಿಯೂದ್ರಾಗ ನಿಂತ ಬಿಡ್ತದ." ಅಡ್ಮಿನ್ ಆದವನು ಯಾರ ಮೆಸೇಜನ್ನಾದರೂ ಅಳಿಸಬಹುದು. ಬೆರಳು ಅಲ್ಲಿಗೇ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ತಡೆದೆ. ನಾನು ಉತ್ತರ ಹುಡುಕುವಷ್ಟರಲ್ಲಿ ಚಿತ್ತಾಪುರದ ಹುಡುಗನೊಬ್ಬ ಹೇಳಿದ: "ಕಾಕಾ, ಸುಗ್ಗಿ ಆದ ಮ್ಯಾಲ ಮೂಲ್ಯಾಗ ಇಟ್ಟು ಮರ್ತೀರೇನ್ರಿ? ನಂದೂ ಹಂಗೇ ಆಗಿತ್ತು."

ನಿಜ. ಈ ಪಂಪಿನಲ್ಲಿರುವುದು 12 ವೋಲ್ಟಿನ ಸೀಸದ ಬ್ಯಾಟರಿ. ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಉಪ್ಪಿನಂಥದ್ದು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ನಿಲ್ಲುವುದಿಲ್ಲ. ಮಾರುವಾಗ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗ್ರೂಪಿನಲ್ಲೇ ಒಪ್ಪಿಕೊಂಡೆ, ಆ ಹಿರಿಯರಿಗೆ ಹೊಸ ಬ್ಯಾಟರಿಯನ್ನು ನಾನು ಕೊಂಡ ರೇಟಿಗೇ ಕೊಟ್ಟೆ. ಆ ವಾರ ಅಂಗಡಿಗೆ ಬಂದವರಲ್ಲಿ ಜಾಸ್ತಿ ಜನ ಹಳೇ ಪಂಪು ಹಿಡಿದು ಬಂದಿದ್ದರು, ಬ್ಯಾಟರಿ ತೋರಿಸಲಿಕ್ಕೆ. ಕೆಲವರು ಜೊತೆಗೆ ಅಣ್ಣತಮ್ಮಂದಿರನ್ನೂ ಕರೆತಂದಿದ್ದರು, ಹೊಸ ಪಂಪು ಕೊಡಿಸಲಿಕ್ಕೆ.

ಈಗ ತಿಂಗಳಿಗೊಮ್ಮೆ "ಚಾರ್ಜಿಗೆ ಹಾಕಿ" ಅಂತ ನೆನಪಿಸುತ್ತೇನೆ. ನಾಝಲ್ ಕಟ್ಟಿದರೆ ಬಾಯಿಂದ ಊದಬೇಡಿ, ಹಳೇ ಬ್ರಷ್ ಹಾಕಿ ನೀರಿನಲ್ಲಿ ತೊಳೆಯಿರಿ ಅನ್ನುವ ವಿಡಿಯೋ ಪಿನ್ ಮಾಡಿದ್ದೇನೆ. ಪಿನ್ ಹೆಚ್ಚೆಂದರೆ 30 ದಿನ ಇರುತ್ತದೆ, ಮತ್ತೆ ಹಾಕಬೇಕು. ಯಾವ ಎಣ್ಣೆ ಹೊಡೆಯಲಿ ಅಂತ ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಅನ್ನುತ್ತೇನೆ. ನನಗೆ ಪಂಪು ಗೊತ್ತು, ಹುಳ ಗೊತ್ತಿಲ್ಲ.

ಗುಡ್ ಮಾರ್ನಿಂಗ್ ಫೋಟೋ ನಿಲ್ಲಿಸಲು ಇನ್ನೂ ಆಗಿಲ್ಲ. ಹಾಕುವವರು ನನ್ನ ಸ್ವಂತ ಮಾವ.