ಬ್ಲೋವರ್ ಮಾಡಿಸುವ ಮುಂಚೆ ಗಾಳಿಯ ಲೆಕ್ಕ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮೆಂಟೆನೆನ್ಸ್ ಕೆಲಸ ನನ್ನದು. ಬ್ಲೋವರ್ ಬೇಕಾದಾಗ ಇಲ್ಲಿ ಹೆಚ್ಚಿನವರು ತಯಾರಕರಿಗೆ ಫೋನ್ ಹಚ್ಚಿ ಕೇಳುವುದು ಒಂದೇ: "ಹತ್ತ ಹೆಚ್‌ಪಿದು ಎಷ್ಟಾಗತೈತ್ರಿ?" ಹೆಚ್‌ಪಿ ಎನ್ನುವುದು ಲೆಕ್ಕದ ಕೊನೆಗೆ ಸಿಗಬೇಕಾದ ಉತ್ತರ. ಗಂಟೆಗೆ ಎಷ್ಟು ಗಾಳಿ, ಎಷ್ಟು ಒತ್ತಡ, ಆ ಗಾಳಿ ಎಷ್ಟು ಬಿಸಿ, ಅದರಲ್ಲಿ ಏನು ಬೆರೆತಿದೆ ಎನ್ನುವುದನ್ನು ಮೊದಲು ನಾವೇ ಬರೆದುಕೊಡಬೇಕು.

ಫೆಟ್ಲಿಂಗ್ ಶೆಡ್ಡನ್ನೇ, ಅಂದರೆ ಎರಕವನ್ನು ಉಜ್ಜಿ ಸ್ವಚ್ಛ ಮಾಡುವ ಜಾಗವನ್ನೇ, ತೆಗೆದುಕೊಳ್ಳಿ. ಎರಕದ ಮೇಲೆ ಅಂಟಿದ ಮರಳನ್ನು ಗ್ರೈಂಡರ್ ಪುಡಿ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಪುಡಿ ಹುಡುಗರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆದರೆ ಅದಕ್ಕೆ ಗುಣವಿಲ್ಲ. ಆ ಪುಡಿಯನ್ನು ಸೆಳೆದು ತೆಗೆಯುವುದೇ ಇಲ್ಲಿ ಬ್ಲೋವರಿನ ಕೆಲಸ. ಆದ್ದರಿಂದ ಈ ಲೆಕ್ಕದಲ್ಲಿ ಅಂದಾಜು ನಡೆಯಬಾರದು.

ನಾಲ್ಕು ಗ್ರೈಂಡಿಂಗ್ ಬೆಂಚು, ಪ್ರತಿ ಬೆಂಚಿನ ಹುಡ್ಡಿಗೆ (ಧೂಳು ಸೆಳೆಯುವ ಬಾಯಿ) ಗಂಟೆಗೆ 1500 ಘನ ಮೀಟರ್ ಎಂದುಕೊಳ್ಳಿ. ಒಟ್ಟು 6000. ಇಂಥ ಭಾರದ ಧೂಳು ಡಕ್ಟಿನಲ್ಲಿ (ಗಾಳಿಯ ಕೊಳವೆ) ಕೂರದೆ ಸಾಗಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಹಾಗಾದರೆ ಕವಲು ಡಕ್ಟಿಗೆ 160 ಮಿ.ಮೀ., ಮುಖ್ಯ ಡಕ್ಟಿಗೆ 325 ಮಿ.ಮೀ. ವ್ಯಾಸ. "ದೊಡ್ಡದೇ ಇರಲಿ" ಎಂದು 450 ಹಾಕಿಸಿದರೆ ವೇಗ ಅರ್ಧಕ್ಕಿಳಿದು, ಧೂಳು ತಳದಲ್ಲಿ ಕೂತು ಡಕ್ಟ್ ಕಟ್ಟಿಕೊಳ್ಳುತ್ತದೆ.

ಇನ್ನು ಒತ್ತಡ. ಹುಡ್, ಡಕ್ಟ್, ಬೆಂಡ್, ಧೂಳು ಸೋಸುವ ಬಟ್ಟೆಚೀಲದ ಬ್ಯಾಗ್ ಫಿಲ್ಟರ್ ಎಲ್ಲದರ ತಡೆಯನ್ನೂ ಕೂಡಿಸಿ. ಹೊಸ ಬ್ಯಾಗಿನದ್ದಲ್ಲ, ಧೂಳು ಹಿಡಿದ ಬ್ಯಾಗಿನ ತಡೆಯನ್ನೇ ಹಿಡಿಯಿರಿ. ಹಳೆಯ ಲೈನ್ ಇದ್ದರೆ ಬ್ಲೋವರಿನ ಇನ್‌ಲೆಟ್ (ಗಾಳಿ ಒಳಹೋಗುವ ಬಾಯಿ) ಹತ್ತಿರ ಡಕ್ಟಿಗೆ ಸಣ್ಣ ತೂತು ಕೊರೆದು, ನೀರು ತುಂಬಿದ ಯು ಆಕಾರದ ಪಾರದರ್ಶಕ ಪೈಪಿನ ಒಂದು ತುದಿ ಜೋಡಿಸಿ. ಬ್ಲೋವರ್ ನಡೆಯುತ್ತಿರುವಾಗ ಎರಡು ಕಡೆಯ ನೀರಿನ ಮಟ್ಟದ ಅಂತರವೇ ಮಿ.ಮೀ. ಲೆಕ್ಕದಲ್ಲಿ ಅಲ್ಲಿನ ಸೆಳೆತ.

ಒತ್ತಡ 250 ಮಿ.ಮೀ. ನೀರಿನಷ್ಟು ಬಂತೆನ್ನಿ. 6000 ಘನ ಮೀಟರಿಗೆ ಗಾಳಿಗೇ ಬೇಕಾದ ಶಕ್ತಿ ಸುಮಾರು 4.1 ಕಿಲೋವ್ಯಾಟ್. ಬ್ಲೋವರನ್ನು ಫಿಲ್ಟರಿನ ಆಚೆ, ಶುದ್ಧ ಗಾಳಿಯ ಕಡೆ ಇಟ್ಟರೆ ಹಿಂದಕ್ಕೆ ಬಾಗಿದ ಬ್ಲೇಡಿನ ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಹಾಕಿಸಬಹುದು. ಶೇ. 70 ದಕ್ಷತೆ ಹಿಡಿದರೆ 5.8 ಕಿಲೋವ್ಯಾಟ್, 7.5ರ ಮೋಟರ್, ಅಂದರೆ ಹತ್ತು ಹೆಚ್‌ಪಿ, ಸಾಕು. ಧೂಳಿನ ಕಡೆಯೇ ಇಟ್ಟರೆ ನೇರ ಬ್ಲೇಡಿನ ದಪ್ಪ ಇಂಪೆಲ್ಲರ್ ಬೇಕು, ಶೇ. 55 ದಕ್ಷತೆಗೆ ಲೆಕ್ಕ 7.4ಕ್ಕೆ ಏರುತ್ತದೆ, ಅದೇ ಮೋಟರಿಗೆ ಉಸಿರಾಡಲೂ ಜಾಗ ಉಳಿಯದು. ಜೊತೆಗೆ ಬ್ಲೇಡ್ ಸವೆತ ಬೇರೆ. ಜಾಗ ಸಿಕ್ಕರೆ ಆಚೆಯೇ ಇಡಿ.

ಗಾಳಿ ಹಗುರಾದಷ್ಟೂ ಬ್ಲೋವರ್ ಕೊಡುವ ಒತ್ತಡ ಕಡಿಮೆ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಶೇ. 8–9ರಷ್ಟು ಹಗುರ. ಫರ್ನೇಸಿನ 200 ಡಿಗ್ರಿ ಹೊಗೆಯ ಸಾಂದ್ರತೆಯಂತೂ 20 ಡಿಗ್ರಿ ಗಾಳಿಯ ಶೇ. 62 ಮಾತ್ರ. ಹಾಗಾಗಿ ಆರ್ಡರಿನಲ್ಲಿ ಊರು, ಉಷ್ಣತೆ ಎರಡನ್ನೂ ಬರೆಯಿರಿ. ಬಿಸಿ ಹೊಗೆಯ ಬ್ಲೋವರ್ ಬೆಳಗ್ಗೆ ಒಳಗಿನ ಗಾಳಿ ತಣ್ಣಗೆ, ಭಾರವಾಗಿದ್ದಾಗ ಮೋಟರಿಗೆ ಹೆಚ್ಚು ಹೊರೆ ಹಾಕುತ್ತದೆ. ಡ್ಯಾಂಪರ್ (ಡಕ್ಟಿನಲ್ಲಿ ಗಾಳಿ ತಡೆಯುವ ಬಾಗಿಲು) ಮುಚ್ಚಿ ಸ್ಟಾರ್ಟ್ ಮಾಡಬೇಕು.

ಡ್ರಾಯಿಂಗಿನಲ್ಲಿ ತಿರುಗುವ ದಿಕ್ಕು, ಡಿಸ್ಚಾರ್ಜಿನ (ಗಾಳಿ ಹೊರಬೀಳುವ ಬಾಯಿಯ) ಕೋನ ಎರಡೂ ಇರಲಿ. ಇನ್‌ಲೆಟ್ ಬಾಯಿಗೇ ಬೆಂಡ್ ಬೇಡ. ಕನಿಷ್ಠ ಮೂರು ವ್ಯಾಸದಷ್ಟು ನೇರ ಡಕ್ಟ್ ಬಿಡಿ. ಇಂಪೆಲ್ಲರಿಗೆ ಜಿ 6.3 ದರ್ಜೆಯ ಡೈನಮಿಕ್ ಬ್ಯಾಲೆನ್ಸಿಂಗ್ (ತಿರುಗುವಾಗ ಅದುರದಂತೆ ತೂಕ ಸಮ ಮಾಡುವ ಕೆಲಸ) ರಿಪೋರ್ಟ್ ಕೇಳಿ ಪಡೆಯಿರಿ.

ಸೆಳೆತ ಸಾಲದೆಂದು ಪುಲ್ಲಿ ಬದಲಿಸುವವರಿದ್ದಾರೆ. ವೇಗ ಶೇ. 10 ಏರಿಸಿದರೆ ಗಾಳಿಯೂ ಶೇ. 10 ಏರುತ್ತದೆ, ಆದರೆ ಶಕ್ತಿ ಶೇ. 33 ಜಾಸ್ತಿ ಬೇಕು. ತಯಾರಕರು ಹೇಳಿದ ಗರಿಷ್ಠ ವೇಗ ದಾಟಿದರೆ ಇಂಪೆಲ್ಲರೇ ಒಡೆದು ಹಾರುವ ಅಪಾಯ.

ಮೊದಲ ದಿನ ತಿರುಗುವ ದಿಕ್ಕು ಕಣ್ಣಾರೆ ನೋಡಿ. ಫೇಸ್ ಅದಲುಬದಲಾಗಿ ಉಲ್ಟಾ ತಿರುಗಿದರೂ ಸೆಂಟ್ರಿಫ್ಯೂಗಲ್ ಬ್ಲೋವರ್ ಅದೇ ಬಾಯಿಯಿಂದಲೇ ಗಾಳಿ ಬಿಡುತ್ತದೆ, ಕಡಿಮೆ ಅಷ್ಟೆ. ಅದಕ್ಕೇ ತಪ್ಪು ಬೇಗ ಕಾಣುವುದಿಲ್ಲ. ಆಮೇಲೆ ಎಲ್ಲ ಹುಡ್ ಸರಿಹೊಂದಿಸಿ ಕ್ಲಾಂಪ್ ಮೀಟರಿನಲ್ಲಿ ಆಂಪ್ ಅಳೆದು, ಆ ಅಂಕಿಯನ್ನು ಕೇಸಿಂಗಿನ ಮೇಲೆ ಪೇಂಟಿನಲ್ಲಿ ಬರೆಸಿ. ಮುಂದೆ ಆಂಪ್ ಇಳಿದರೆ ಬ್ಯಾಗೋ ಡಕ್ಟೋ ಕಟ್ಟಿಕೊಂಡಿರಬಹುದು, ಏರಿದರೆ ಬ್ಯಾಗ್ ಹರಿದಿರಬಹುದು.