ಟಕೀಲಾಗೆ ಅಮಾರೊ ಬೆರೆಸುವ ಹದ

ಟಕೀಲಾ ಅಂದರೆ ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಏರಿಸಿ, ನಿಂಬೆಹೋಳು ಕಚ್ಚುವುದು ಎಂದುಕೊಂಡವರೇ ಹೆಚ್ಚು. ಒಳ್ಳೆಯ ಬಾಟಲಿಗೆ ಅದು ಅನ್ಯಾಯ. ಅಮಾರೊ ಅನ್ನುವುದು ಇಟಲಿಯವರು ಊಟವಾದ ಮೇಲೆ ಅರಗಲೆಂದು ಕುಡಿಯುವ ಗಿಡಮೂಲಿಕೆಗಳ ಕಹಿ-ಸಿಹಿ ಮದ್ಯ. ಅದನ್ನು ಟಕೀಲಾ ಜೊತೆ ಐಸಿನಲ್ಲಿ ಕಲಕಿದರೆ ಗಂಟೆ ಹೊತ್ತು ಕೈಯಲ್ಲಿ ಹಿಡಿದು ಕೂರಬಹುದಾದ ಪಾನೀಯ ಸಿಗುತ್ತದೆ. ಸಾಮಾನು ಕಮ್ಮಿ, ಆದ್ದರಿಂದಲೇ ಹದ ತಪ್ಪಿದರೆ ಮರೆಮಾಚಲು ಏನೂ ಇಲ್ಲ.

ಒಬ್ಬರ ಅಳತೆ ಹೀಗೆ: ರೆಪೊಸಾಡೊ (ಕೆಲವು ತಿಂಗಳು ಮರದಲ್ಲಿ ಮಾಗಿಸಿದ) ಟಕೀಲಾ 45 ಮಿ.ಲೀ., ಅವೆರ್ನಾ ಅಮಾರೊ 30 ಮಿ.ಲೀ., ಆಂಗೊಸ್ಟುರಾ ಬಿಟರ್ಸ್ (ಹನಿಗಳಲ್ಲಿ ಬಳಸುವ ಕಹಿ ಸಾರ) ಎರಡು ಚಿಮುಕು, ಮೇಲೆ ಕಿತ್ತಳೆ ಸಿಪ್ಪೆ. ಪೆಗ್ ಅಳತೆ ಮನೆಯಲ್ಲಿಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಿ. ಕಣ್ಣಳತೆ ಮಾತ್ರ ಬೇಡ. ಅವೆರ್ನಾ 10 ಮಿ.ಲೀ. ಜಾಸ್ತಿ ಬಿದ್ದರೂ ರಾಮನವಮಿ ಪಾನಕದ ಹಾಗೆ ಸಿಹಿ ಹೊಡೆಯುತ್ತದೆ. ಬಿಟರ್ಸ್ ಮತ್ತು ಅಮಾರೊ ಮೊದಲು, ಟಕೀಲಾ ಕೊನೆಗೆ ಹಾಕಿ. ಅಳತೆ ಕೆಟ್ಟರೂ ದುಬಾರಿ ಬಾಟಲಿ ಉಳಿಯುತ್ತದೆ.

ಬಾಟಲಿ ಕೊಳ್ಳುವಾಗ ಲೇಬಲ್ಲಿನಲ್ಲಿ 'ನೂರಕ್ಕೆ ನೂರು ಅಗಾವೆ' ಎಂದಿದೆಯೇ ನೋಡಿ; ಅಗಾವೆ ಅಂದರೆ ಟಕೀಲಾ ಇಳಿಸುವ ಕತ್ತಾಳೆ ಜಾತಿಯ ಗಿಡ. ಇಲ್ಲದಿದ್ದರೆ ಅದು ಮಿಕ್ಸ್ಟೊ: ಅಗಾವೆಯ ಸಕ್ಕರೆ ಶೇ. 51ರಷ್ಟಿದ್ದರೂ ಸಾಕು, ಮಿಕ್ಕಿದ್ದು ಬೇರೆ ಸಕ್ಕರೆ. 'ಗೋಲ್ಡ್' ಎಂಬ ಹೆಸರು ನೋಡಿ ಮೋಸ ಹೋಗಬೇಡಿ, ಆ ಬಣ್ಣ ಎಷ್ಟೋ ಸಲ ಕ್ಯಾರಮೆಲ್‌ನದು. ರೆಪೊಸಾಡೊ ಕಡಿಮೆಯೆಂದರೆ 2 ತಿಂಗಳು ಓಕ್ ಮರದಲ್ಲಿ ಕೂತು ಬರುತ್ತದೆ, ಅಮಾರೊಗೆ ಅಷ್ಟು ಮೈ ಸಾಕು. ವರ್ಷ ದಾಟಿದ ಅನ್ಯೆಹೊ ಇಲ್ಲಿ ದಂಡ. ಅದನ್ನು ಹಾಗೆಯೇ ಕುಡಿಯಿರಿ. ನಮ್ಮ ಬೇಲಿಯ ಕತ್ತಾಳೆಯೂ ಅಗಾವೆಯ ಕುಲದ್ದೇ. ದಖ್ಖನ್ನಿನ ಕತ್ತಾಳೆಯಿಂದ ಇಳಿಸಿದ ಮದ್ಯವೂ ಸಿಗುತ್ತದೆ, ಆದರೆ ಟಕೀಲಾ ಎಂಬ ಹೆಸರು ಮೆಕ್ಸಿಕೊದ ಹಾಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತಾದ ಪ್ರದೇಶದ ನೀಲಿ ಅಗಾವೆಯದಕ್ಕೆ ಮಾತ್ರ. ಹಿತ್ತಲಿನ ಕತ್ತಾಳೆ ಕಡಿದು ಪ್ರಯೋಗ ಮಾಡಲು ಹೋಗಬೇಡಿ, ರಸ ತಾಗಿದರೆ ಮೈ ತುರಿಸುತ್ತದೆ.

ಅಮಾರೊ ಬದಲಾದರೆ ಅಳತೆಯೂ ಬದಲಾಗಬೇಕು. ಸಿಸಿಲಿಯ ಅವೆರ್ನಾದಲ್ಲಿ ಆಲ್ಕೋಹಾಲ್ ಶೇ. 29, ಸುಟ್ಟ ಸಕ್ಕರೆ-ಕಿತ್ತಳೆ ರುಚಿ. ಬೊಲೋನ್ಯದ ಮೊಂಟೆನೆಗ್ರೋ ಶೇ. 23, ಹೂವಿನ ಪರಿಮಳ, ಕಹಿ ಕಮ್ಮಿ. ಕಹಿಗೆ ಹೊಸಬರಾದವರಿಗೆ ಅದೇ ಸರಿ. ಆರ್ಟಿಚೋಕ್ ಎಲೆಯ ಚಿನಾರ್ ಬರೀ ಶೇ. 16.5, ಆದ್ದರಿಂದ ಕಲಕುವುದನ್ನು ಹತ್ತು ಸುತ್ತು ಕಡಿಮೆ ಮಾಡಿ, ಇಲ್ಲದಿದ್ದರೆ ನೀರುನೀರು. ಮಿಲಾನಿನ ಫೆರ್ನೆಟ್ ಬ್ರಾಂಕಾವನ್ನು ಮಾತ್ರ ಅವೆರ್ನಾ ಜಾಗದಲ್ಲಿ 30 ಮಿ.ಲೀ. ಸುರಿಯಬೇಡಿ, ಕರ್ಪೂರ-ಪುದಿನ ಬಿಟ್ಟು ಬೇರೇನೂ ನಾಲಿಗೆಗೆ ತಿಳಿಯುವುದಿಲ್ಲ. ಒಂದು ಟೀ ಚಮಚ ಸಾಕು, ಜೊತೆಗೆ ಅಷ್ಟೇ ಸಕ್ಕರೆ ಪಾಕ.

ಇನ್ನು ಕಲಕುವುದು. ನಿಂಬೆರಸ, ಮೊಟ್ಟೆಯ ಬಿಳಿ ಇದ್ದರೆ ಕುಲುಕಬೇಕು. ಬರೀ ಮದ್ಯಗಳಿದ್ದಾಗ ಕಲಕಬೇಕು. ಕುಲುಕಿದರೆ ಗಾಳಿ ಸೇರಿ ಬಣ್ಣ ಮಬ್ಬಾಗುತ್ತದೆ, ಐಸ್ ಚೂರಾಗಿ ಬೇಗ ಕರಗುತ್ತದೆ, ಆ ಗಟ್ಟಿ ನುಣುಪು ಹೋಗುತ್ತದೆ. ಕರಗುವ ಐಸಿನ ನೀರೂ ಇಲ್ಲಿ ಒಂದು ಸಾಮಾನೇ: 75 ಮಿ.ಲೀ.ಗೆ ಸುಮಾರು 15ರಿಂದ 20 ಮಿ.ಲೀ. ನೀರು ಸೇರಬೇಕು. ಕಮ್ಮಿಯಾದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ಅಮಾರೊದ ಕಹಿ ಸಪ್ಪೆಯಾಗಿ ಸಿಹಿಯೊಂದೇ ಉಳಿಯುತ್ತದೆ. ಉದ್ದನೆಯ ಸ್ಟೀಲ್ ಲೋಟವನ್ನು ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು, ಮುಕ್ಕಾಲು ಭಾಗ ಫ್ರೀಜರ್‌ನಿಂದ ಆಗಷ್ಟೇ ತೆಗೆದ, ಬೆವರದ ಐಸ್ ತುಂಬಿ. ಹೊರಗಿಟ್ಟು ಬೆವರಿದ ಐಸಾದರೆ ಆ ನೀರನ್ನು ಬಗ್ಗಿಸಿ ಚೆಲ್ಲಿ. ಚಮಚದ ಬೆನ್ನು ಲೋಟದ ಗೋಡೆಗೆ ತಾಗಿಕೊಂಡೇ ಸುತ್ತಬೇಕು, ಸದ್ದು ಬರಬಾರದು. ದೊಡ್ಡ ಐಸಿಗೆ ಮೂವತ್ತೈದು-ನಲವತ್ತು ಸುತ್ತು, ಟ್ರೇಯ ಸಣ್ಣ ಐಸಿಗೆ ಇಪ್ಪತ್ತೈದು ಸಾಕು. ಮಧ್ಯೆ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ನೋಡಿ, ಲೆಕ್ಕಕ್ಕಿಂತ ಅದು ನಂಬಿಕೆಯದು. ಮೀನು ಇಟ್ಟ ಫ್ರೀಜರ್‌ನ ಐಸ್ ಬೇಡವೇ ಬೇಡ, ಐಸ್ ವಾಸನೆ ಹೀರುತ್ತದೆ. ಚಹಾ ಜರಡಿಯಲ್ಲಿ ಸೋಸಿ, ಒಂದೇ ದೊಡ್ಡ ಐಸಿದ್ದ ಗ್ಲಾಸಿಗೆ ಬಗ್ಗಿಸಿ.

ಕಹಿ ಮೊನಚಾಗಿದ್ದರೆ ಸಕ್ಕರೆ ಹಾಕಬೇಡಿ. ನಾಲ್ಕು ಪಾಲು ನೀರಿಗೆ ಒಂದು ಪಾಲು ಉಪ್ಪು ಕರಗಿಸಿಟ್ಟುಕೊಂಡು ಎರಡು ಹನಿ ಬಿಡಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಉಪ್ಪೆಂದು ತಿಳಿಯುವುದೂ ಇಲ್ಲ. ಸಿಪ್ಪೆಗೆ ಕೊಡಗಿನ ಕಿತ್ತಳೆ ಅಷ್ಟು ಒಗ್ಗುವುದಿಲ್ಲ, ಸಿಪ್ಪೆ ಸಡಿಲವಾಗಿ ಹರಿದುಬಿಡುತ್ತದೆ. ಅಂಟಿಕೊಂಡ ಸಿಪ್ಪೆಯ ಮಾಲ್ಟಾ ಅಥವಾ ಕಿನ್ನೋ ತನ್ನಿ. ಮೇಣ ಹೋಗುವಂತೆ ಬಿಸಿನೀರಲ್ಲಿ ಉಜ್ಜಿ, ಒಳಗಿನ ಬಿಳಿ ಬಾರದಂತೆ ತೆಳ್ಳಗೆ ಹೆರೆದು, ಗ್ಲಾಸಿನ ಮೇಲೆ ಹಿಂಡಿ ಎಣ್ಣೆ ಚಿಮ್ಮಿಸಿ.

ರುಚಿ ಮೆದುವಾಗಿದೆಯೆಂದು ಕಡೆಗಣಿಸಬೇಡಿ. ಒಂದು ಗ್ಲಾಸಿನಲ್ಲಿ ಸುಮಾರು 27 ಮಿ.ಲೀ. ಶುದ್ಧ ಆಲ್ಕೋಹಾಲ್, ಅಂದರೆ ಒಂದು ಲಾರ್ಜ್ ವಿಸ್ಕಿಯಷ್ಟು. ಗಾಡಿಯ ಕೀಲಿ ಮೊದಲೇ ಎತ್ತಿಡಿ.

ನಾಲ್ವರು ಬರುವುದಿದ್ದರೆ ಟಕೀಲಾ 180, ಅವೆರ್ನಾ 120, ಬಿಟರ್ಸ್ ಆರು ಚಿಮುಕು, ಕುಡಿಯುವ ನೀರು 75 ಮಿ.ಲೀ. ಬಾಟಲಿಗೆ ಹಾಕಿ ಎರಡು ಗಂಟೆ ಫ್ರೀಜರ್‌ನಲ್ಲಿಡಿ. ನೀರು ಆಗಲೇ ಸೇರಿರುವುದರಿಂದ ಮತ್ತೆ ಐಸಿನಲ್ಲಿ ಕಲಕಬೇಡಿ, ನೇರ ಬಗ್ಗಿಸಿ. ರಾತ್ರಿಯಿಡೀ ಫ್ರೀಜರ್‌ನಲ್ಲಿ ಬಿಟ್ಟರೆ ಮಂಜುಗಟ್ಟಬಹುದು. ಉಳಿದರೆ ಕೆಳಗಿನ ಖಾನೆಗೆ ಇಳಿಸಿ.